ಮೃಗಾಲಯದಲ್ಲಿ ಸಿಗದ ಗೊರಿಲ್ಲಾ

“ಮೌಂಟನ್ ಗೊರಿಲ್ಲಾ ಎಲ್ಲಿದೆ?” ಎಂದು ಒಂಬತ್ತು ವರ್ಷದ ನನ್ನ ಮಗಳು ಕೇಳಿದಾಗ, ಸಿಂಗಪುರದ ಮೃಗಾಲಯದ ಗೈಡ್ ಆಂಟಿ ಬಗ್ಗಿ ನಿಂತು ಉತ್ತರಿಸಿದರು. ಅಳಿವಿನಂಚಿನಲ್ಲಿರುವ ಆ ಪ್ರಾಣಿ ಯಾವ ಮೃಗಾಲಯದಲ್ಲೂ ಇಲ್ಲವಂತೆ. ಉಳಿದಿರುವ ಕೆಲವೇ ಗೊರಿಲ್ಲಾಗಳು ಆಫ್ರಿಕಾದ ತಮ್ಮ ಬೆಟ್ಟಗಳಲ್ಲಿವೆ; ಅಲ್ಲಿಂದ ಹಿಡಿದು ತಂದವು ಬದುಕಲಿಲ್ಲವಂತೆ.

ಮಗಳು ನನ್ನ ಕಡೆ ತಿರುಗಿದಳು. ಶಾಲೆಯ ಪ್ರಾಜೆಕ್ಟಿಗಾಗಿ ಅವಳ ಜೊತೆ ಕೂತು ಆ ಗೊರಿಲ್ಲಾದ ಚಿತ್ರ ಬರೆದವಳು ನನ್ನ ಹೆಂಡತಿ. ಹುಷಾರಾದ ಮೇಲೆ ನಿಜವಾದದ್ದನ್ನೇ ತೋರಿಸುತ್ತೇನೆ ಎಂದು ಆಸ್ಪತ್ರೆಯ ಹಾಸಿಗೆಯಿಂದ ಮಾತು ಕೊಟ್ಟಿದ್ದಳು. ಅವಳು ತೀರಿಕೊಂಡು ಮೂರು ತಿಂಗಳಾಗಿತ್ತು. ಆ ಮಾತು ಉಳಿಸಲೆಂದೇ ನಮ್ಮ ಮನೆಯಿರುವ ಪುಂಗೋಲ್‌ನಿಂದ ಬಸ್ ಬದಲಿಸಿಕೊಂಡು ಬಂದಿದ್ದೆವು.

“ಅಮ್ಮ ಸುಳ್ಳು ಹೇಳಿದ್ಲಾ ಪಪ್ಪಾ?”

“ಇಲ್ಲ ಪುಟ್ಟಿ. ಅವಳಿಗೆ ಗೊತ್ತಿರ್ಲಿಲ್ಲ. ನಂಗೂ ಗೊತ್ತಿರ್ಲಿಲ್ಲ.”

ಅವಳು ನನ್ನ ಕೈ ಹಿಡಿದು, ಇಲ್ಲಿನವರ ಹಾಗೆ ಕೊನೆಗೊಂದು ‘ಲಾ’ ಸೇರಿಸಿ ಹೇಳಿದಳು. “ಇಲ್ಲಿಗೆ ತಂದ್ರೆ ಸತ್ತೋಗುತ್ತೆ ಅಲ್ವಾ? ಹಾಗಾದ್ರೆ ಅಲ್ಲೇ ಇರ್ಲಿ ಬಿಡು. ನಾವ್ ನೋಡ್ದಿದ್ರೂ ಓಕೆ ಲಾ.”

ವಾಪಸ್ ಬರುವಾಗ ಬಸ್ಸಿನಲ್ಲಿ ನನ್ನ ತೋಳಿಗೊರಗಿ ನಿದ್ದೆ ಹೋದಳು. ಕಣ್ಣಿಗೆ ಕಾಣದಿದ್ದರೂ ಎಲ್ಲೋ ಇದ್ದರೆ ಸಾಕು ಎಂದುಕೊಳ್ಳುವುದು ಅವಳಿಗೆ ಅಷ್ಟು ಬೇಗ ಬಂತು. ನನಗೆ ಇನ್ನೂ ಬಂದಿಲ್ಲ.