ಸಾಹೇಬರ ಆಟದ ಟ್ರಕ್ಕಿಗೆ ಸ್ಟೀಲ್ ಗಿಯರ್

ಗೆಳೆಯರೇ, ಇವತ್ತು ಮಧ್ಯಾಹ್ನ ನನಗೆ ಮೆಮೊ ಸಿಕ್ಕಿತು. ಕಾರಣ, ಒಂದು ಆಟದ ಟ್ರಕ್ಕು.

ಹಾರೋಹಳ್ಳಿಯ ನಮ್ಮ ಕಾರ್ಖಾನೆಯ ಮ್ಯಾನೇಜರ್ ಸಾಹೇಬರಿಗೆ ರಿಮೋಟ್ ಮಾನ್‌ಸ್ಟರ್ ಟ್ರಕ್ಕಿನ ಹುಚ್ಚು. ಮೈಗಿಂತ ಚಕ್ರವೇ ದೊಡ್ಡದಾದ ಬ್ಯಾಟರಿ ಗಾಡಿ ಅದು. ಹೋದ ವಾರ ಅದರ ಪ್ಲಾಸ್ಟಿಕ್ ಗಿಯರಿನ ಹಲ್ಲು ಮೂರನೇ ಸಲ ಉದುರಿತು.

"ಸ್ಟೀಲಲ್ಲಿ ಒಂದು ಮಾಡಿಕೊಡಯ್ಯ. ಭಾನುವಾರ ಸಾವನದುರ್ಗದ ಬಂಡೆ ಹತ್ತಿಸಬೇಕು" ಎಂದರು.

"ಬ್ಯಾಡಿ ಸಾ. ಬೇಕಂತ್ಲೇ ಅದನ್ನ ಪ್ಲಾಸ್ಟಿಕ್ಕಲ್ಲಿ ಮಾಡವ್ರೆ. ಚಕ್ರ ಸಿಕ್ಕಾಕಂಡ್ರೆ ಅಗ್ಗದ ಗಿಯರ್ ಹೋಯ್ತದೆ, ಮೋಟ್ರು ಉಳ್ಕತದೆ" ಎಂದೆ.

"ಇಂಜಿನಿಯರ್ ನೀನೋ ನಾನೋ? ಹೇಳಿದಷ್ಟು ಮಾಡು."

ಕಂಪನಿಯಲ್ಲಿ ನಾನೇ ನಡೆಸುವ, ಲೋಹ ಕೊರೆಯುವ ಮಿಲ್ಲಿಂಗ್ ಮಷಿನ್ನಿನಲ್ಲಿ, ಕಂಪನಿಯದೇ ಸ್ಟೀಲಿನಲ್ಲಿ ಮಾಡಿಕೊಟ್ಟೆ.

ಇವತ್ತು ಊಟದ ಹೊತ್ತಿನಲ್ಲಿ ಸಾಹೇಬರು ಗಾಡಿಯನ್ನು ಅಂಗಳದ ಜಲ್ಲಿ ರಾಶಿ ಹತ್ತಿಸಿದರು. ಚಕ್ರ ಕಲ್ಲಿನ ಸಂದಿಗೆ ಸಿಕ್ಕಿಕೊಂಡಿತು. ಅವರು ರಿಮೋಟಿನಿಂದ ಬೆರಳು ತೆಗೆಯಲಿಲ್ಲ. ನನ್ನ ಗಿಯರು ಜಪ್ಪಯ್ಯ ಅನ್ನಲಿಲ್ಲ. ಮೋಟಾರು ಸುಟ್ಟು ಹೊಗೆ ಬಂತು.

ಅದೇ ಹೊತ್ತಿಗೆ ಮಾಲೀಕರು ಕಾರಿನಿಂದ ಇಳಿದರು. ಗಾಡಿಯ ಮುಚ್ಚಳ ಬಿಚ್ಚಿಸಿ, ಒಳಗೆ ಹೊಳೆಯುತ್ತಿದ್ದ ಗಿಯರ್ ನೋಡಿದರು. "ಇದು ನಮ್ಮ ಮಷಿನ್ ಕೆಲಸ. ಯಾರು ಮಾಡಿದ್ದು?"

ಸಾಹೇಬರು ನನ್ನತ್ತ ಕೈ ತೋರಿಸಿದರು. "ಇವನೇ ಸಾರ್. ನಾನು ರಿಪೇರಿಗೆ ಕೊಟ್ಟೆ ಅಷ್ಟೆ. ಕಂಪನಿ ಸ್ಟೀಲು ಹಾಕ್ತಾನೆ ಅಂತ ನಂಗೇನು ಗೊತ್ತು?"

ಮೆಮೊಗೆ ಸಹಿ ಹಾಕಿ ಮನೆಗೆ ಬಂದಿದ್ದೇನೆ. ಅಗ್ಗದ ಭಾಗ ಮುರಿದರೆ ಮೋಟಾರು ಉಳಿಯುತ್ತದೆ ಎಂದು ನಾನು ಹೇಳಿದ್ದನ್ನು ಸಾಹೇಬರು ಟ್ರಕ್ಕಿನ ವಿಷಯದಲ್ಲಿ ನಂಬಲಿಲ್ಲ; ತಮ್ಮ ವಿಷಯದಲ್ಲಿ ಚೆನ್ನಾಗಿ ನಂಬಿದರು.