ಮಹಾಬಾದಿಗೆ ಬಡಿದ ರೊಟ್ಟಿ

ಇರಾನಿನ ಗುಡ್ಡದಾಗೆ ಕುರ್ದರು ಕಟ್ಟಿದ ಮಹಾಬಾದ್ ಅನ್ನೋ ದೇಶದ ಸೈನ್ಯಕ್ಕೆ ಮೂರು ವರ್ಷ ಜೋಳದ ರೊಟ್ಟಿ ಬಡಿದು ಹಾಕಿದವನು ನಾನು. ಆಗ ಜೊತೆಗಿದ್ದವರು ಯಾರೂ ಈಗ ಬದುಕಿಲ್ಲ.

ಹೀಗಂತ ಈ ಪರದೇಶದ ಫ್ಲೋರಲ್ ಪಾರ್ಕ್ ಅನ್ನೋ ಊರಿನ ಕಟಿಂಗ್ ಅಂಗಡಿಯ ಕುರ್ದ್ ಹುಡುಗನಿಗೆ ನನ್ನ ಹರಕು ಇಂಗ್ಲಿಷಿನಲ್ಲಿ ಹೇಳಿಬಿಟ್ಟೆ. ಪಾಪ, ಕನ್ನಡಿ ಪಕ್ಕದ ಫೋಟೋ ತೋರಿಸಿ, "ನಮ್ಮಜ್ಜ ಆ ದೇಶದ ಸಿಪಾಯಿ, ಅಂಕಲ್. ಇಲ್ಲಿ ಅದರ ಹೆಸರು ಕೇಳಿದವರೇ ಇಲ್ಲ" ಅಂತ ಮುಖ ಸಣ್ಣ ಮಾಡಿದ್ದ. ನನ್ನ ಮಾತು ಕೇಳಿದ್ದೇ ಅರಳಿಬಿಟ್ಟ.

"ನಮ್ಮಜ್ಜ ನಿಮ್ಮ ರೊಟ್ಟಿ ತಿಂದಿದ್ರಾ?"

"ಒಂದೇ ಊಟಕ್ಕೆ ಎಂಟು!" ಅಂದೆ.

ಅವನ ಕ್ಷೌರದ ಕತ್ತಿ ನನ್ನ ಗಲ್ಲದ ಮೇಲೇ ನಿಂತಿತು. "ಅಂಕಲ್, ನಮ್ಮ ದೇಶ ಹತ್ತೊಂಬತ್ತು ನೂರಾ ನಲವತ್ತಾರರಲ್ಲಿ ಹುಟ್ಟಿ ಅದೇ ವರ್ಷ ಹೋಯಿತು. ಮೂರು ವರ್ಷ ಹೇಗೆ?"

ನಾನು ಭುಜ ಕುಣಿಸಿದೆ. "ನನ್ನ ಕಥೆಯಲ್ಲಾದರೂ ಇನ್ನೆರಡು ವರ್ಷ ಬಾಳಲಿ ಬಿಡಪ್ಪಾ."