ಸೊಂಟಕ್ಕೆ ಮೊಮ್ಮಗನ ಒದೆತ

“ಒದಿಯೋ, ಎಷ್ಟೊತ್ತು ಹಿಂಗೇ ಬಗ್ಗಿರಲಿ?” ಎಂದೆ. ಅದು ಸಾವಿರದ ಒಂಬೈನೂರ ಎಪ್ಪತ್ತೆಂಟರ ಬೇಸಿಗೆ. ಸೊಂಟ ಹಿಡಿದು ನಾಲ್ಕು ದಿನದಿಂದ ತ್ಯಾವಣಿಗೆಯ ನಮ್ಮ ಮನೆಯ ಕಂಬ ಹಿಡಿದೇ ನಿಲ್ಲುತ್ತಿದ್ದೆ. ಕಾಲು ಮುಂದಾಗಿ ಹುಟ್ಟಿದವರು ಒದ್ದರೆ ಸೊಂಟ ಬಿಡುತ್ತದೆ ಎಂದು ನಮ್ಮ ಕಡೆ ನಂಬುತ್ತಾರೆ. ನನ್ನ ಮಗಳ ಮಗ ಹಾಗೆ ಹುಟ್ಟಿದವನು. ಬೆಂಗಳೂರಿನಲ್ಲಿ ಫುಟ್‌ಬಾಲ್ ಆಡುವುದೇ ಅವನ ನೌಕರಿ, ಗೋಲು ಹೊಡೆಯುವುದಕ್ಕೇ ಸಂಬಳ. ಪಕ್ಕದ ಮನೆಯವರು ಕಾಗದ ಬರೆದು ಕರೆಸಿದ್ದರು.

ಅವನ ಅಪ್ಪ ಆಫ್ರಿಕಾದಿಂದ ಓದಲು ಬಂದವನು. ಅಂಥವನನ್ನು ಮದುವೆಯಾದಳೆಂದು ಮಗಳನ್ನು ಇಪ್ಪತ್ತೊಂದು ವರ್ಷ ನಾನು ಹೊಸ್ತಿಲೊಳಗೆ ಬಿಟ್ಟುಕೊಂಡಿರಲಿಲ್ಲ. ಮೊಮ್ಮಗನನ್ನು ನೋಡಿದ್ದೂ ಅಂದೇ. ಅಪ್ಪನ ಬಣ್ಣ, ನಮ್ಮ ಮನೆಯವರ ಮೂಗು. ಬಂದವನೇ ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿದ. ಒದೆಯಲು ಮಾತ್ರ ಕಾಲು ಎತ್ತಲಿಲ್ಲ.

“ಅವ್ವ ಬಸ್‌ಸ್ಟ್ಯಾಂಡಿನಾಗೆ ಕುಂತಾಳೆ ಅಜ್ಜಿ. ಒಳಗೆ ಕರೀರಿ, ಆಮೇಲೆ ಒದೀತೀನಿ.”

“ನನ್ನ ಹತ್ರನೂ ಒದ್ದಿದ್ದಕ್ಕೆ ಕೂಲಿ ಕೇಳ್ತೀಯೇನೋ?”

“ಹೂಂ” ಎಂದ.

ಬೈದೆ. ಅವನು ಜಗ್ಗಲಿಲ್ಲ. ಕೊನೆಗೆ, “ಕರ್ಕೊಂಡು ಬಾ ಹೋಗು” ಎಂದೆ. ಮಗಳು ಬಂದು ಬಾಗಿಲಲ್ಲಿ ನಿಂತಳು. ತಲೆ ನರೆತಿತ್ತು. “ಒಳಗೆ ಬಾ” ಎಂದೆ. ಆಮೇಲೆ ಅವನು ಅಂಗಾಲನ್ನು ನನ್ನ ಸೊಂಟಕ್ಕೆ ಮೂರು ಸಲ ಮೆಲ್ಲಗೆ ತಾಗಿಸಿದ. “ಇಷ್ಟಕ್ಕೆ ಸಂಬಳ ಕೊಡ್ತಾರೇನೋ ನಿಂಗೆ?” ಎಂದೆ.

ಸೊಂಟ ಬಿಟ್ಟದ್ದು ಎರಡು ದಿನದ ಮೇಲೆ. ಒದೆತದಿಂದಲೇ ಬಿಟ್ಟಿತು ಎಂದು ನಾನು ಹೇಳುವುದಿಲ್ಲ. ಆ ಎರಡು ದಿನ ನನ್ನನ್ನು ಎಬ್ಬಿಸಿ ಕೂರಿಸಿದವಳು ಮಗಳು. ಈಗ ಮೊಮ್ಮಗನ ಮಂಡಿ ಕೆಟ್ಟು ಆಟ ನಿಂತಿದೆ. ಊರಲ್ಲಿ ಸೊಂಟ ಹಿಡಿದವರು ಮಾತ್ರ ಅವನಿಗೆ ಇನ್ನೂ ಕಾಗದ ಹಾಕುತ್ತಾರೆ.